ಪೆನ್ಸಿಲ್ ಮೇಷ್ಟ್ರು ಬಿಟ್ಟ ಖಾಲಿ ಚೌಕ

ಪಾಠ ಹೇಳಿ ಹೆಸರಾದವರು ಶಿಕ್ಷಣ ಕ್ಷೇತ್ರದಲ್ಲಿ ಅನೇಕರು. ವೇಳಾಪಟ್ಟಿ ಬರೆದು ಸಹೋದ್ಯೋಗಿಗಳ ಆತ್ಮವನ್ನು ಕಾಪಾಡಿದವರು ನಮ್ಮ ಚರ್ಚ್ ಶಾಲೆಯ ಉಪಮುಖ್ಯೋಪಾಧ್ಯಾಯರೊಬ್ಬರೇ ಇರಬೇಕು. ಮೂವತ್ತೊಂದು ವರ್ಷ ಗಣಿತ ಕಲಿಸಿ, ಅಷ್ಟೂ ವರ್ಷ ವೇಳಾಪಟ್ಟಿಯನ್ನು ಪೆನ್ಸಿಲ್ಲಿನಲ್ಲೇ ಗೀಚಿ, ಅಳಿಸಿ, ಮತ್ತೆ ಗೀಚಿದ್ದರಿಂದ ಅವರಿಗೆ ‘ಪೆನ್ಸಿಲ್ ಮೇಷ್ಟ್ರು’ ಎಂಬ ಹೆಸರು ಅಂಟಿಕೊಂಡಿತು.

ಅವರ ಪಟ್ಟಿಯಲ್ಲಿ ಪ್ರತಿ ಶಿಕ್ಷಕರ ಸಾಲಿನಲ್ಲೂ ವಾರಕ್ಕೊಂದು ಚೌಕ ಖಾಲಿ. ಅದು ನೋಟ್‌ಬುಕ್ ತಿದ್ದುವುದಕ್ಕಲ್ಲ, ರಜೆ ಹಾಕಿದವರ ತರಗತಿಗೆ ಓಡುವುದಕ್ಕೂ ಅಲ್ಲ. ಹಳೆಯ ಭೂಪಟಗಳನ್ನು ಸುತ್ತಿಟ್ಟ ಕೋಣೆಯಲ್ಲಿ, ಕಿಟಕಿಗೆ ಮುಖಮಾಡಿದ ಕುರ್ಚಿಯಲ್ಲಿ, ನಲವತ್ತು ನಿಮಿಷ ದೇವರ ಮುಂದೆ ಸುಮ್ಮನೆ ಕೂರುವುದಕ್ಕೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದರ ಮೇಲೆ ಬೆರಳಿಟ್ಟರು.

“ಇದೇನ್ರೀ, ತುಂಬೋಕೆ ಮರೆತಿದ್ದೀರಾ?”

“ಮರೆತಿಲ್ಲ ಸಾರ್. ಅದು ನಮ್ಮ ಟೀಚರ್‌ಗಳು ಬೆಳೆಯೋ ಜಾಗ.”

“ಈ ವಯಸ್ಸಲ್ಲಿ?”

“ಈ ವಯಸ್ಸಲ್ಲೇ ಸಾರ್.”

ಹನ್ನೆರಡು ವರ್ಷಗಳ ಹಿಂದೆ ವಿಜ್ಞಾನದ ಟೀಚರ್ ಶಾಲೆಗೆ ಸೇರಿದಾಗ ಆಕೆಗೆ ಇಬ್ಬರು ಪುಟ್ಟ ಮಕ್ಕಳು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಪ್ರಾರ್ಥನೆಗೆ ಮೊಣಕಾಲೂರಿದರೆ ನೆನಪಾಗುತ್ತಿದ್ದುದು ನೆನೆಹಾಕಿದ ಬಟ್ಟೆ. ಇಷ್ಟು ಒಣಗಿಹೋದವಳು ಚರ್ಚಿನ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ದೇವರ ವಿಷಯ ಹೇಳುವುದು ಮೋಸವೆನಿಸಿ, ಆ ತರಗತಿಯನ್ನು ಬಿಟ್ಟುಬಿಡಬೇಕೆಂದೂ ಆಕೆ ನಿರ್ಧರಿಸಿದ್ದರು. ಗುರುವಾರದ ತಮ್ಮ ಖಾಲಿ ಚೌಕವಂತೂ ತಿದ್ದುವ ಕೆಲಸಕ್ಕೆ ಸಿಕ್ಕ ವರವೆಂದುಕೊಂಡು, ನೋಟ್‌ಬುಕ್ಕಿನ ಕಟ್ಟನ್ನು ಸೆರಗಿನ ಮರೆಯಲ್ಲಿ ಭೂಪಟದ ಕೋಣೆಗೆ ಸಾಗಿಸಿದರು. ಮೇಷ್ಟ್ರು ಬಂದು ನೋಡಿದರು, ಗದರಲಿಲ್ಲ; ಕಟ್ಟನ್ನೆತ್ತಿ ತಮ್ಮ ಕಂಕುಳಿಗೆ ಸೇರಿಸಿಕೊಂಡರು.

“ಇದು ನನಗಿರ್ಲಿ. ನೀವು ಕೂತ್ಕೊಳ್ಳಿ ತಾಯಿ.”

“ಕೂತ್ರೆ ನಿದ್ದೆ ಬರುತ್ತೆ ಸರ್. ಪ್ರಾರ್ಥನೆ ಬರಲ್ಲ.”

“ಬರ್ಲಿ ಬಿಡಿ. ಮಗು ತೊಡೆ ಮೇಲೆ ನಿದ್ದೆಹೋದ್ರೆ ಯಾವ ಅಪ್ಪ ಬೈತಾನೆ?”

ಎಷ್ಟೋ ಗುರುವಾರ ಆಕೆ ಅಲ್ಲಿ ನಿದ್ದೆಯೇ ಮಾಡಿದರು. ನೋಟ್‌ಬುಕ್‌ಗಳು ಮೇಷ್ಟ್ರ ಪೆನ್ಸಿಲ್ ಗುರುತು ಹೊತ್ತು ಮರಳುತ್ತಿದ್ದವು. ಒಂದು ವಾರ ಗಂಟೆ ಬಾರಿಸುವ ಹತ್ತು ನಿಮಿಷ ಮುಂಚೆಯೇ ಎಚ್ಚರವಾಯಿತು. ‘ದೇವರೇ, ನನ್ನ ಕೈಲಿ ಆಗ್ತಿಲ್ಲ’ ಎಂಬಷ್ಟೇ ಮಾತು ಬಂತು. ಆದರೆ ಬಹಳ ದಿನಗಳ ಮೇಲೆ ಅದು ಬಾಯಿಪಾಠವಲ್ಲದ ಮಾತಾಗಿತ್ತು. ಭಾನುವಾರದ ತರಗತಿಯನ್ನು ಆಕೆ ಬಿಡಲಿಲ್ಲ; ದಣಿವೂ ಆಕೆಯನ್ನು ಬಿಡಲಿಲ್ಲ, ಅದು ಬೇರೆ ಮಾತು.

ಈ ವರ್ಷ ಮೇಷ್ಟ್ರು ನಿವೃತ್ತರಾಗುವ ಮುನ್ನ ವೇಳಾಪಟ್ಟಿಯ ಕಡತ ಆಕೆಯ ಪಾಲಿಗೆ ಬಂತು. ಅದರೊಂದಿಗೆ ಆಡಳಿತ ಮಂಡಳಿಯ ಸೂಚನೆಯೂ ಬಂತು: ಮುಂದಿನ ವರ್ಷದಿಂದ ಖಾಲಿ ಚೌಕಗಳು ಇರಕೂಡದು, ಗೈರುಹಾಜರಾದವರ ತರಗತಿಗಳನ್ನು ಅಲ್ಲಿಗೇ ತುಂಬಬೇಕು. ಹಾಗಾದರೆ ಇಷ್ಟು ವರ್ಷ ಆ ತರಗತಿಗಳಿಗೆ ಹೋಗುತ್ತಿದ್ದವರು ಯಾರು? ಆಕೆ ಹಾಳೆ ಮಗುಚಿದರು. ಪ್ರತಿ ವರ್ಷವೂ ಕೊನೆಯ ಸಾಲು ಮೇಷ್ಟ್ರದು. ಅದರಲ್ಲಿ ಒಂದು ಚೌಕವೂ ಖಾಲಿಯಿರಲಿಲ್ಲ.

“ಎಲ್ಲರ ಬದಲಿ ತರಗತಿಗೂ ನೀವೇ ಹೋಗಿದ್ದೀರಲ್ಲ ಸರ್?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಬೇರೆಯವರಿಗೆ ಕುರ್ಚಿ ಹಾಕ್ತಾ ಹಾಕ್ತಾ ನಾನು ಕೂರೋದೇ ಮರೆತೆ ಕಣಮ್ಮ. ಪ್ರಾರ್ಥನೆ ಮಾಡಿಲ್ಲ ಅಂತಲ್ಲ, ನಡೀತಾ ನಡೀತಾ ಮಾಡಿದೆ. ಒಳಗೆ ಒಂಥರಾ ಹಸಿವು ಹಾಗೇ ಉಳೀತು. ನೀವು ಹೀಗೆ ಮಾಡ್ಬೇಡಿ.”

ಮರುದಿನ ಆಕೆ ಸಿಬ್ಬಂದಿ ಕೋಣೆಯಲ್ಲಿ ಆ ಕೊನೆಯ ಸಾಲನ್ನು ಎಲ್ಲರೆದುರು ಹರಡಿದರು. ಸದಾ ಗೊಣಗುವ ಚಿತ್ರಕಲೆಯ ಮೇಷ್ಟ್ರೇ ಮೊದಲು ಬಾಯಿಬಿಟ್ಟರು: “ಅಯ್ಯೋ, ತಿಂಗಳಿಗೊಂದು ಬದಲಿ ಕ್ಲಾಸ್ ನನ್ನ ತಲೆಗೆ ಕಟ್ಟಿ. ಆದ್ರೆ ಆ ಕುರ್ಚಿ ಮುಟ್ಬೇಡಿ.” ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು. ಬದಲಿ ತರಗತಿಗಳು ಹೀಗೆ ಹಂಚಿಹೋದ ಮೇಲೆ ಮಂಡಳಿಗೆ ಒತ್ತಾಯಿಸಲು ಕಾರಣವುಳಿಯಲಿಲ್ಲ.

ನಿವೃತ್ತರಾದವರಿಗೆ ಇನ್ನಷ್ಟು ಕೆಲಸ ಮಾಡುವ ಚೈತನ್ಯವನ್ನು ಹಾರೈಸುವುದು ವಾಡಿಕೆ. ಪೂಜ್ಯ ಮೇಷ್ಟ್ರಿಗೆ ನಾವು ಹಾಗೆ ಹಾರೈಸಲಾರೆವು. ದೇವರು ಅವರಿಗೆ ದೀರ್ಘಾಯುಷ್ಯವನ್ನೂ, ಅದರ ತುಂಬ ಕೂರುವ ಬಿಡುವನ್ನೂ ಕೊಡಲಿ. ಹೊಸ ವೇಳಾಪಟ್ಟಿಯ ಕೊನೆಯ ಸಾಲಿನಿಂದ ವಿಜ್ಞಾನದ ಟೀಚರ್ ಮೇಷ್ಟ್ರ ಹೆಸರನ್ನು ಅಳಿಸಿಲ್ಲ. ಸೋಮವಾರದಿಂದ ಶನಿವಾರದವರೆಗೆ ಆ ಸಾಲಿನ ಚೌಕಗಳೆಲ್ಲ ಖಾಲಿಯಾಗಿವೆ. ಕುರ್ಚಿ ಕಿಟಕಿಯ ಬಳಿಯೇ ಇದೆ; ಅವರು ಯಾವಾಗ ಬೇಕಾದರೂ ಬಂದು ಕೂರಬಹುದು.