ಕ್ಯಾಸೆಟ್ಟಿನ ಕೊನೆಯಲ್ಲಿ ಹಾಡಿದ ಹುಡುಗಿ

ಆ ಮನೆ ಕನ್ನಡಕದ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಕೆಳಗೆ ಗಾಜು ಉಜ್ಜುವ ಯಂತ್ರದ ನಡುಕ ಅಂಗಾಲಿಗೆ ತಾಗುತ್ತಿತ್ತು. ಬಾಗಿಲು ತೆರೆದವರು ನಾನು ನೋಡಲು ಬಂದವರ ಅಕ್ಕ. ಬಂದ ಕಾರಣ ನಾನು ಹೇಳುವ ಮೊದಲೇ ಅವರು ನನ್ನ ಚೀಲದಿಂದ ಇಣುಕುತ್ತಿದ್ದ ಹಳೆಯ ಟೇಪ್ ರೆಕಾರ್ಡರನ್ನು ನೋಡಿ ಒಳಕ್ಕೆ ತಿರುಗಿ ಕರೆದರು.

“ಬಾರೋ, ನಿನ್ನ ಮಾತು ಕೇಳೋಕೂ ಒಬ್ಬರು ಬಂದಿದಾರೆ. ಗುಂಡಿ ಸರಿಯಾಗಿ ಹಾಕ್ಕೊಂಡು ಬಾ.”

ಒಳಗಿನಿಂದ ಬಂದ ತಮ್ಮನಿಗೂ ತಲೆ ಪೂರ್ತಿ ನರೆತಿತ್ತು. ಗುಂಡಿಗಳನ್ನು ನಿಜವಾಗಿಯೂ ಒಂದು ಸಲ ಮುಟ್ಟಿ ನೋಡಿಕೊಂಡು ಕುರ್ಚಿಯಲ್ಲಿ ಕೂತರು.

ಮನೆಗಳಿಗೆ ಕಂಪ್ಯೂಟರ್ ಹೊಸದಾಗಿ ಬರುತ್ತಿದ್ದ ಕಾಲದಲ್ಲಿ, ಅದನ್ನು ಟಿವಿಗೆ ಜೋಡಿಸಿ ಆಡುವ ಆಟಗಳನ್ನು ಬರೆದವರಲ್ಲಿ ಅವರೊಬ್ಬರು. ಅಂಥವರನ್ನು ಹುಡುಕಿ, ಮಾತಾಡಿಸಿ, ಅವರ ಧ್ವನಿಯನ್ನು ದಾಖಲಿಸಿ ಇಡುವುದು ನನ್ನ ಕೆಲಸ. ಬಹುತೇಕರು ಆ ಉದ್ಯಮ ಬಿಟ್ಟು ಎಷ್ಟೋ ಕಾಲವಾಗಿದೆ. ಒಬ್ಬರು ಈಜು ಕಲಿಸುತ್ತಾರೆ, ಇನ್ನೊಬ್ಬರು ಹೂವಿನ ಸಸಿ ಮಾರುತ್ತಾರೆ. ಇವರು ಮಾರುಕಟ್ಟೆಯಲ್ಲಿ ತೂಕದ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದು, ಮೊಣಕಾಲು ಕೈಕೊಟ್ಟ ಮೇಲೆ ಅದನ್ನೂ ಬಿಟ್ಟಿದ್ದರು. ಹಳೆಯ ಆಟಗಳ ಹುಚ್ಚಿರುವವರು ಮಾತ್ರ ಅವರನ್ನು ಇಂದಿಗೂ ‘ದೀಪದವರು’ ಎನ್ನುತ್ತಾರೆ. ಅವರಿಗೆ ಹೆಸರು ತಂದ ಆಟ ಒಂದೇ. ಅದರಲ್ಲೊಬ್ಬ ಪುಟ್ಟ ಮನುಷ್ಯ ಏಣಿ ಹೊತ್ತು ಓಡಾಡುತ್ತ ಬೀದಿಯ ದೀಪಗಳನ್ನೆಲ್ಲ ಹಚ್ಚಬೇಕು. ಹಿಂದಿನಿಂದ ಗಾಳಿ ಬಂದು ಒಂದೊಂದನ್ನೇ ಆರಿಸುತ್ತದೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ. ದೀಪ ಆರಿದಾಗಲೇ ಅದು ಎಲ್ಲಿದೆಯೆಂದು ತಿಳಿಯುವುದು.

ನಾನು ಅದನ್ನೇ ಮೊದಲು ಕೇಳಿದೆ. ಕಾಣದ ಗಾಳಿಯನ್ನು ಹೇಗೆ ಯೋಚಿಸಿದಿರಿ ಎಂದು.

“ಯೋಚಿಸಲಿಲ್ಲಮ್ಮ, ಜಾಗ ಇರಲಿಲ್ಲ,” ಎಂದರು. “ಆ ಯಂತ್ರದ ಮೆಮೊರಿ ಅಂಗೈಯಷ್ಟು. ಗಾಳಿ ಚಿತ್ರ ಬರೆದಿದ್ರೆ ಏಣಿ ತೆಗೀಬೇಕಿತ್ತು. ಏಣಿ ಇಲ್ದೆ ದೀಪ ಹೇಗೆ ಹಚ್ಚೋದು? ಅದಕ್ಕೇ ಗಾಳಿ ಕಾಣೋದೇ ಬೇಡ ಅಂದ್ಕೊಂಡೆ. ಈಗ ಜನ ಅದನ್ನ ದೊಡ್ಡ ಕಲೆ ಅಂತಾರೆ. ಇಕ್ಕಟ್ಟು ಕಣಮ್ಮ, ಬರೀ ಇಕ್ಕಟ್ಟು.”

ಅವರು ಹೀಗೆಯೇ ಮಾತಾಡುತ್ತಿದ್ದರು, ಪ್ರತಿ ಮಾತನ್ನೂ ತಕ್ಕಡಿಗೆ ಇಟ್ಟು ಮುಳ್ಳು ನಿಂತ ಮೇಲೆ ಕೊಡುವವರಂತೆ. ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿ ಆ ಪುಟ್ಟ ಮನುಷ್ಯನನ್ನು ಮಾಡಿದ್ದು, ಅವನ ಟೋಪಿಗೆ ಒಂದು ಚೌಕ ಹೆಚ್ಚಾದರೆ ಕೋಳಿಯಂತೆಯೂ ಕಡಿಮೆಯಾದರೆ ಬೋಳನಂತೆಯೂ ಕಾಣುತ್ತಿದ್ದದ್ದು, ಮನೆಯವರು ಟಿವಿ ನೋಡಿ ಎದ್ದ ಮೇಲೆಯೇ ತನ್ನ ಸರದಿ ಬರುತ್ತಿದ್ದದ್ದು, ಎಲ್ಲ ಹೇಳಿದರು. ಅಕ್ಕ ಕಿಟಕಿಯ ಬಳಿ ಮಂಚದಂಚಿಗೆ ಕೂತು ದಿಂಬಿನ ಚೀಲದ ಹೊಲಿಗೆ ಬಿಚ್ಚುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕತ್ತರಿಯನ್ನು ಮಡಿಲಲ್ಲಿಟ್ಟರು.

“ಎಲ್ಲಾ ಹೇಳ್ತಾನೆ, ಮುಖ್ಯವಾದದ್ದು ಬಿಟ್ಟು. ಆ ಆಟ ಯಾವುದರ ಮೇಲೆ ಕೂತಿದೆ ಅಂತ ಕೇಳಮ್ಮ.”

“ಅದನ್ನ ನೀನೇ ಹೇಳು ಅಕ್ಕ. ನೀನು ಚೆನ್ನಾಗಿ ಹೇಳ್ತೀಯ,” ಎಂದರು ತಮ್ಮ.

ನಿಜಕ್ಕೂ ಚೆನ್ನಾಗಿ ಹೇಳಿದರು. ಎಷ್ಟೋ ಸಲ ಹೇಳಿ ನುಣುಪಾದ ಮಾತುಗಳು. ಆಗ ಅಕ್ಕ ಹಾಡುತ್ತಿದ್ದರು. ರೇಡಿಯೋದವರು ಹೊಸ ಗಾಯಕರನ್ನು ಆರಿಸಿಕೊಳ್ಳಲು ಹಾಡಿನ ಕ್ಯಾಸೆಟ್ ಕಳಿಸಿ ಎಂದಿದ್ದರು. ಒಳ್ಳೆಯ ಕ್ಯಾಸೆಟ್ ಒಂದನ್ನು ಅಪ್ಪ ಹುಡುಕಿ ತಂದುಕೊಟ್ಟರು. ಹಾಡಿದ್ದಾಯಿತು. ಮೇಲೆ ಬೇರೇನೂ ಮುದ್ರಣವಾಗದಿರಲೆಂದು ಅಕ್ಕ ಕ್ಯಾಸೆಟ್ಟಿನ ಅಂಚಿನ ಪುಟ್ಟ ಹಲ್ಲನ್ನೂ ಮುರಿದಿಟ್ಟರು.

“ಹಲ್ಲು ಮುರಿದರೆ ರೆಕಾರ್ಡ್ ಗುಂಡಿ ಒಳಗೆ ಹೋಗಲ್ಲ. ಇವನು ಏನ್ಮಾಡಿದ ಗೊತ್ತಾ? ಆ ತೂತಿಗೆ ಅಂಟಿನ ಕಾಗದ ಹಚ್ಚಿದ. ನನ್ನ ಹಾಡಿನ ಮೇಲೆ ಇವನ ದೀಪದ ಕಂಬ ನೆಟ್ಟ. ಆ ಹಾಡು ರೇಡಿಯೋಗೆ ಹೋಗಿದ್ರೆ ನಾನು ಇವತ್ತು ಇಲ್ಲಿ ಕೂತು ದಿಂಬು ಬಿಚ್ತಿದ್ನಾ?”

ತಮ್ಮ ಹೌದೆಂದು ತಲೆಯಾಡಿಸಿದರು. ಆಗ ಆಟಗಳು ಹಾಡಿನ ಕ್ಯಾಸೆಟ್ಟಿನಲ್ಲೇ ಬರುತ್ತಿದ್ದವು. ಟೇಪ್ ರೆಕಾರ್ಡರಿನಿಂದ ತಂತಿಯೊಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಟೇಪಿನಿಂದ ಬರುವ ಕಿರುಚಾಟವನ್ನು ಯಂತ್ರ ಕೇಳಿಸಿಕೊಂಡು ಆಟವಾಗಿ ಮಾಡಿಕೊಳ್ಳುತ್ತಿತ್ತು. ಮನೆಯಲ್ಲಿದ್ದ ಅಗ್ಗದ ಕ್ಯಾಸೆಟ್ಟುಗಳಿಗೆಲ್ಲ ಅವರು ಆಟ ತುಂಬಿ ನೋಡಿದ್ದರು. ಯಾವುದನ್ನೂ ಕಂಪ್ಯೂಟರ್ ಮರಳಿ ಓದುತ್ತಿರಲಿಲ್ಲ. ಸಂಜೆಯೊಳಗೆ ಮೂಲಪ್ರತಿ ಆಟ ಮಾರುವ ಕಂಪನಿಗೆ ತಲುಪಬೇಕಿತ್ತು. ನಂಬುವಂಥ ಕ್ಯಾಸೆಟ್ ಮನೆಯಲ್ಲಿ ಅದೊಂದೇ.

“ಅಪ್ಪ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ರು,” ಎಂದರು ತಮ್ಮ.

“ನಾನು ಮಾತ್ರ ಇನ್ನೂ ಬಿಟ್ಟಿಲ್ಲ,” ಎಂದು ಅಕ್ಕ ಕತ್ತರಿ ಎತ್ತಿಕೊಂಡರು.

ಅವರಿಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ಧೈರ್ಯದಲ್ಲೇ, ಮುಂದೇನಾದೀತೆಂದು ಯೋಚಿಸದೆ, ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆ ಕೇಳಿಬಿಟ್ಟೆ. ಹಳೆಯ ಆಟಗಳನ್ನು ಕೂಡಿಡುವವರೊಬ್ಬರು ದೀಪದ ಆಟದ ಕ್ಯಾಸೆಟ್ಟನ್ನು ನನಗೆ ಎರವಲು ಕೊಟ್ಟಿದ್ದರು. ಕೊಡುವಾಗ ಒಂದು ವಿಷಯ ತಿಳಿದುಕೊಂಡು ಬಾ ಎಂದಿದ್ದರು.

“ಆಟದ ಸದ್ದು ಮುಗಿದ ಮೇಲೂ ಟೇಪ್ ಓಡ್ತಾ ಇದ್ರೆ ಕೊನೇಲಿ ಒಬ್ಬ ಹುಡುಗಿ ಹಾಡ್ತಾಳಂತೆ ಸರ್. ಹಳೇ ಆಟ ಕೂಡಿಡೋರೊಬ್ಬರ ಹತ್ರ ಇರೋ ಎಲ್ಲಾ ಪ್ರತಿಗಳಲ್ಲೂ ಇದೆಯಂತೆ. ಅದು ಯಾರು?”

ತಮ್ಮನ ಮುಖದಲ್ಲಿದ್ದ ನಗು ಇದ್ದಲ್ಲೇ ನಿಂತಿತು. ಅಕ್ಕ ತಲೆ ಎತ್ತಿದರು.

“ಯಾವ ಹುಡುಗಿ?”

“ಕಾಪಿ ಮಾಡೋ ಅಂಗಡಿಯವರದ್ದು ಇರ್ಬೇಕು,” ಎಂದರು ತಮ್ಮ, ಈ ಸಲ ತೂಗದೆ. “ಹಳೇ ಕ್ಯಾಸೆಟ್ಟಿಗೇ ತುಂಬಿರ್ತಾರೆ. ಯಾರದ್ದೋ ಏನೋ.”

ಅಕ್ಕ ಇಬ್ಬರನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಟೀ ಮಾಡ್ತೀನಿ ಎಂದು ಎದ್ದು ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿದ ಮೇಲೆ ತಮ್ಮ ನನ್ನತ್ತ ಬಾಗಿದರು.

“ಆ ಕ್ಯಾಸೆಟ್ ತಂದಿದೀಯಾ?”

ಚೀಲದಲ್ಲಿದೆ ಎಂದೆ.

“ಹೊರಗೆ ತೆಗೀಬೇಡ.”

ಆಮೇಲೆ ತಗ್ಗಿದ ಧ್ವನಿಯಲ್ಲಿ ಎಲ್ಲ ಹೇಳಿದರು. ಅಕ್ಕನ ಹಾಡು ಆಟಕ್ಕಿಂತ ಉದ್ದವಿತ್ತು. ಆಟ ಮುಗಿದ ಜಾಗದಿಂದ ಮುಂದೆ ಹಾಡು ಹಾಗೆಯೇ ಉಳಿಯಿತು. ಕಾಪಿ ಅಂಗಡಿಯವರು ಟೇಪ್ ಮುಗಿಯುವವರೆಗೂ ನಕಲು ಮಾಡಿದ್ದರಿಂದ ಪ್ರತಿ ಕ್ಯಾಸೆಟ್ಟಿನಲ್ಲೂ ಅಕ್ಕ ಸೇರಿಕೊಂಡರು. ಆಟ ಕೊಂಡವರು ತೆರೆಯ ಮೇಲೆ ಬೀದಿ ಕಂಡ ಕೂಡಲೇ ಟೇಪ್ ನಿಲ್ಲಿಸುತ್ತಿದ್ದರು. ಮುಂದಕ್ಕೆ ಕೇಳುವ ಗೋಜಿಗೆ ಯಾರು ಹೋಗುತ್ತಾರೆ? ಆಗ ಕೇಳಿದವರು ಇವರೊಬ್ಬರೇ, ಮೊದಲ ಪ್ರತಿ ಕೈಗೆ ಬಂದ ದಿನ.

“ಮತ್ಯಾಕೆ ಹೇಳ್ಲಿಲ್ಲ? ಅವರಿಗೆ ಖುಷಿ ಆಗ್ತಿತ್ತಲ್ವಾ?”

“ಚೆನ್ನಾಗಿಲ್ಲಮ್ಮ,” ಎಂದರು. “ತಂಬೂರಿ ಇರಲಿಲ್ಲ, ಏನಿರಲಿಲ್ಲ. ಬರೀ ಗಂಟಲು. ಹೋಗ್ತಾ ಹೋಗ್ತಾ ಶ್ರುತಿ ಕೆಳಗಿಳಿದಿದೆ. ಕೊನೆಗೆ ಮೇಲಕ್ಕೆ ಹೋಗೋಕೆ ನೋಡ್ತಾಳೆ, ಮುಟ್ಟಲ್ಲ. ಹಾಡೋರಿಗೆ ಹಾಡುವಾಗ ಅದು ಗೊತ್ತಾಗಲ್ಲ, ಆಮೇಲೆ ಅವಳು ಹಾಕಿ ಕೇಳಲೂ ಇಲ್ಲ. ರೇಡಿಯೋದವರ ಗಡುವಿಗೆ ಇನ್ನೂ ದಿನ ಇತ್ತು. ಅದಕ್ಕಿಂತ ಒಳ್ಳೇ ಕ್ಯಾಸೆಟ್ ತಂದುಕೊಟ್ಟೆ. ಅಂಥ ಹಾಡು ಎರಡು ಸಲ ಬರಲ್ಲ ಅಂದಳು. ಸುತ್ತಿದ ಪ್ಲಾಸ್ಟಿಕ್ಕೂ ಬಿಚ್ಚಲಿಲ್ಲ. ಅಂಥ ಹಾಡು ಅಂತ ಅವಳಿಗೆ ಒಂದಿದೆ. ಅದನ್ನ ಯಾಕೆ ಕೀಳಬೇಕು? ಮಕ್ಕಳ ಶಾಲೇಲಿ ಪಾಠ ಹೇಳ್ಕೊಂಡು ಇಷ್ಟು ವರ್ಷ ಅದರ ಮೇಲೇ ನಿಂತಿದಾಳೆ.”

ನಲ್ಲಿ ಯಾವಾಗಲೋ ನಿಂತಿತ್ತು. ಅದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಅಕ್ಕ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿದ್ದರು.

“ಈ ಮನೇಲಿ ಗುಟ್ಟು ಹೇಳೋಕೆ ಇನ್ನೊಂದು ರೂಮು ಕಟ್ಟಿಸಬೇಕು,” ಎಂದರು. ತಟ್ಟೆಯನ್ನು ಮೇಜಿನ ಮೇಲಿಟ್ಟರು. ಒಂದು ಲೋಟದ ಟೀ ಸ್ವಲ್ಪ ಚೆಲ್ಲಿತ್ತು. “ಹಾಕಮ್ಮ ಅದನ್ನ.”

“ಅಕ್ಕ, ಬೇಡ.”

“ನಿನ್ನ ಕೇಳಲಿಲ್ಲ. ಹಾಕಮ್ಮ.”

ನಾನು ತಮ್ಮನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ನನ್ನ ಸಂದರ್ಶನಕ್ಕೆ ಆ ಪ್ರಶ್ನೆ ಬೇಕಿತ್ತೋ ಇಲ್ಲವೋ, ಕೇಳಿಯಾಗಿತ್ತು. ಹಾಡಿದವರು ತಮ್ಮ ಹಾಡನ್ನು ಕೇಳಬೇಕೆಂದಾಗ ಕೊಡುವುದಿಲ್ಲವೆನ್ನಲು ನಾನು ಯಾರು? ಕ್ಯಾಸೆಟ್ಟನ್ನು ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ.

ಮೊದಲು ಒಂದೇ ಸಮನೆ ಎಳೆದ ಕೂಗು. ಆಮೇಲೆ ಹೆಂಚಿನ ಮೇಲೆ ಮರಳು ಸುರಿದಂಥ ಕರಕರ ಸದ್ದು.

“ಹಲ್ಲು ಜುಮ್ಮೆನ್ನತ್ತೆ,” ಎಂದರು ಅಕ್ಕ.

ತಮ್ಮ ಕಣ್ಣು ಮುಚ್ಚಿದ್ದರು. ಅವರ ಬೆರಳು ಮಂಡಿಯ ಮೇಲೆ ಸಣ್ಣಗೆ ಆಡತೊಡಗಿತು. “ಇದು ಬೀದಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಈಗ ಕಂಬಗಳು.” ಕರಕರ ಒಂದಿಷ್ಟು ದಪ್ಪವಾಯಿತು. “ಏಣಿ ಬಂತು.” ನಮಗೆ ಎಲ್ಲವೂ ಒಂದೇ ಗಲಾಟೆ. ಅಕ್ಕ ತಮ್ಮನನ್ನೇ ನೋಡುತ್ತಿದ್ದರು, ಮನೆಯಲ್ಲಿ ಹೊಸಬರು ಯಾರೋ ಬಂದು ಕೂತಿದ್ದಾರೆ ಎಂಬಂತೆ.

ಸದ್ದು ಥಟ್ಟನೆ ನಿಂತಿತು. ಟೇಪಿನ ಬರಿಯ ಉಸಿರಾಟ. ಅದರೊಳಗಿಂದ, ಸಾಲಿನ ನಡುವಿನಿಂದಲೇ, ಒಂದು ಎಳೆಯ ಧ್ವನಿ ಹೊರಟಿತು.

ಹಗುರವಾದ, ಎಚ್ಚರದ ಧ್ವನಿ. ತುಂಬಿದ ಬಿಂದಿಗೆ ಹೊತ್ತು ನಡೆಯುವವರ ಹಾಗೆ ಒಂದೊಂದೇ ಸ್ವರಕ್ಕೆ ಕಾಲಿಡುತ್ತಿತ್ತು. ಸಂಗೀತ ಅಷ್ಟಾಗಿ ತಿಳಿಯದ ನನಗೂ, ಅದು ಬಂದ ದಾರಿಗಿಂತ ಕೆಳಗೆ ಹೋಗುತ್ತಿದೆ ಎಂದು ಗೊತ್ತಾಯಿತು. ಕೊನೆಯಲ್ಲಿ ಅದು ಮೇಲಕ್ಕೆ ಕೈ ಚಾಚಿತು. ಸಿಗಲಿಲ್ಲ. ಸಿಕ್ಕಿತೆಂದೇ ನಂಬಿ ಅಲ್ಲೇ ನಿಂತು, ಸಂತೋಷದಿಂದ ಮುಗಿಯಿತು. ಗುಂಡಿ ತಾನಾಗಿ ಮೇಲೆದ್ದಿತು.

ಅಕ್ಕ ಮುಂದೆ ಬಾಗಿ ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿದರು.

“ಶ್ರುತಿ ಇಳಿದಿದೆ.”

“ಸ್ವಲ್ಪ,” ಎಂದರು ತಮ್ಮ.

“ಸ್ವಲ್ಪ ಅಲ್ಲ ಕಣೋ. ಮೆಟ್ಟಿಲಿಂದ ಜಾರಿದ ಹಾಗಿದೆ. ನನಗೇನು ಕಿವಿ ಇಲ್ವಾ?” ಆಮೇಲೆ ಧ್ವನಿ ತಗ್ಗಿಸಿ ಹೇಳಿದರು, “ನಿಂಗಿದು ಯಾವತ್ತಿಂದಲೂ ಗೊತ್ತಿತ್ತು. ನಾನು ಮನೆಗೆ ಬಂದೋರಿಗೆಲ್ಲ ಹೇಳ್ತಿದ್ದೆ. ನೀನು ಸುಮ್ನೆ ಕೂತು ತಲೆ ಆಡಿಸ್ತಿದ್ದೆ.”

“ಬೈಸ್ಕೊಂಡು ಅಭ್ಯಾಸ ಆಗಿತ್ತು ಅಕ್ಕ.”

“ನಾನು ಬೈತಿದೀನಿ ಅಂದ್ಕೊಂಡಿದ್ದೆ. ನೀನು ಬೈಯೋಕೆ ಬಿಟ್ಟಿದ್ದೆ.”

ಅದರಲ್ಲಿ ಸಿಟ್ಟಿತ್ತು. ಫೋನಿನಲ್ಲಿ ನಡೆಯುತ್ತಿದ್ದ ನನ್ನ ಧ್ವನಿಮುದ್ರಣ ನಿಲ್ಲಿಸಲು ಕೈ ಚಾಚಿದೆ. ಅಕ್ಕ ಬೇಡವೆಂದು ಸನ್ನೆ ಮಾಡಿದರು.

“ಇರಲಿ. ಆ ಕ್ಯಾಸೆಟ್ಟಿನವರಿಗೆ ಹೇಳು, ಹಾಡಿದೋಳು ಇವನ ಅಕ್ಕ ಅಂತ. ಕೊನೇಲಿ ಕೆಡಿಸಿದಾಳೆ ಅಂತಲೂ ಬರಿ, ಪರವಾಗಿಲ್ಲ.” ಲೋಟ ಎತ್ತಿಕೊಂಡರು, ಕುಡಿಯಲಿಲ್ಲ. ತಮ್ಮನತ್ತ ತಿರುಗಿದರು. “ಗುಂಡಿ ಒತ್ತಿ ಎದುರಿಗೆ ಕೂತೋನು ನೀನೇ ಅಲ್ವಾ? ಅಳಿಸಿ ಹೋದ ಭಾಗ ಕೇಳಿದೋನು ಈಗ ನೀನೊಬ್ಬನೇ ಇರೋದು. ಅದೂ ಹೀಗೇ ಇತ್ತಾ? ಈ ಸಲ ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ.”

ಅವರಿಗೆ ಬೇಕಿದ್ದದ್ದು ಅಷ್ಟೇ ಎಂದು ನನಗನ್ನಿಸಿತು. ಹಾಡು ಪೂರ್ತಿ ಸುಳ್ಳೋ, ಅರ್ಧವಾದರೂ ನಿಜವೋ. ಅದನ್ನು ಹೇಳಬಲ್ಲ ಟೇಪ್ ಯಾವುದೂ ಎಲ್ಲೂ ಉಳಿದಿರಲಿಲ್ಲ.

ಗಾಜು ಉಜ್ಜುವ ಯಂತ್ರ ಕೆಳಗೆ ನಿಂತು ಮತ್ತೆ ಶುರುವಾಯಿತು.

“ಶುರು ಮಾಡುವಾಗ ನೀನು,” ಎಂದರು ತಮ್ಮ, “ಸೆರಗಿನ ತುದಿ ಸುತ್ತಿ ಹಿಡ್ಕೊಂಡೆ. ಎರಡನೇ ಸಾಲಿಗೆ ಬರುವಾಗ ಹೊರಗೆ ಯಾರದ್ದೋ ಸೈಕಲ್ ಬಿತ್ತು. ನಿಲ್ಲಿಸೋಣ ಅಂತ ನಾನು ಗುಂಡಿ ಮೇಲೆ ಕೈ ಇಟ್ಟೆ. ನೀನು ಕಣ್ಣಲ್ಲೇ ಬೇಡ ಅಂದೆ. ಆ ಉದ್ದನೆ ಸಾಲನ್ನ ಒಂದೇ ಉಸಿರಲ್ಲಿ ದಾಟಿಬಿಟ್ಟೆ. ಅಲ್ಲೀವರೆಗೂ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಆಮೇಲೇ ಸುಸ್ತಾಗಿದ್ದು.”

“ಒಂದೇ ಉಸಿರಲ್ಲಾ? ಸುಳ್ಳು. ಮಧ್ಯೆ ಉಸಿರು ತಗೊಂಡಿದ್ದೆ.”

“ಇಲ್ಲ ಅಕ್ಕ.”

“ತಗೊಂಡಿದ್ದೆ ಕಣೋ. ಅಷ್ಟುದ್ದ ಸಾಲು, ಹೇಗಾಗತ್ತೆ?”

“ಹೇಗಾಯ್ತೋ ನಂಗೊತ್ತಿಲ್ಲ. ಆಯ್ತು.”

ಅಕ್ಕ ಲೋಟ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದರು. ಸದ್ದಿಲ್ಲದೆ, ತುಟಿಯಲ್ಲಷ್ಟೇ ಆ ಸಾಲನ್ನು ಹೇಳಿಕೊಂಡು ನೋಡಿದರು. ಅರ್ಧ ದಾರಿಗೇ ಎದೆ ಏರಿ ಉಸಿರು ಮುಗಿಯಿತು. ಎದೆಯ ಮೇಲೆ ಕೈಯಿಟ್ಟು ಸುಧಾರಿಸಿಕೊಂಡರು. ತಮ್ಮ ಕಾಯುತ್ತಿದ್ದರು. ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದರು, ಈ ಸಲ ಧ್ವನಿ ಸೇರಿಸಿ.