ನೆತ್ತಿಯ ಮೇಲಿನ ಕೈ

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದರು ಹಿರಿಯರು. ಬೆಳ್ಮಣ್ಣಿನ ಸರ್ವೋತ್ತಮ ಭಂಡಾರಿ ಎರಡನ್ನೂ ಮಾಡಿದವನಲ್ಲ. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದ. ವಿಮಾನ ಹತ್ತಿದ್ದು ಅಬುಧಾಬಿಗೆ ಬರಲು, ಮತ್ತೆ ರಜೆಯಲ್ಲಿ ಊರಿಗೆ ಹೋಗಲು, ಅಷ್ಟೇ. ದುಬೈಯ ಎತ್ತರದ ಕಟ್ಟಡವನ್ನೂ ಅವನು ನೋಡಿದ್ದು ಗಿರಾಕಿಗಳ ಮೊಬೈಲಿನಲ್ಲಿ. ಆದರೆ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪುಗಳ ಹಿಂದಿನ ಗಲ್ಲಿಯಲ್ಲಿರುವ ಅವನ ಒಂಟಿ ಕುರ್ಚಿಯ ಸೆಲೂನಿಗೆ ಹತ್ತೊಂಬತ್ತು ವರ್ಷಗಳಿಂದ ಲೋಕವೇ ಬಂದು ಕತ್ತು ಬಗ್ಗಿಸಿ ಕೂತಿದೆ.

ನೇಪಾಳದ ವೆಲ್ಡರು, ಸುಡಾನಿನ ಗೋದಾಮಿನವ, ಮೊಬೈಲಿನಲ್ಲಿ ಫೋಟೋ ತೋರಿಸಿ ಹೀಗೇ ಬೇಕೆನ್ನುವ ಫಿಲಿಪೀನೋ, ಮುಷ್ಟಿಯಲ್ಲಿ ಹಿಡಿದು ಗಡ್ಡ ಅಳೆದುಕೊಳ್ಳುವ ಪಠಾಣ, ಹೀಗೆ ಬಗೆಬಗೆಯ ಜನ. "ಕಣ್ಣಿಗೆ ಬಟ್ಟೆ ಕಟ್ಟಿ, ತಲೆ ಮುಟ್ಟಿ ದೇಶ ಹೇಳ್ತೇನೆ" ಎಂದು ಸರ್ವೋತ್ತಮ ಕೊಚ್ಚಿಕೊಳ್ಳುವುದಿತ್ತು. ಹತ್ತಕ್ಕೆ ಎಂಟು ಸರಿಯೂ ಆಗುತ್ತಿತ್ತು. ಪಕ್ಕದ ಕ್ಯಾಂಟೀನಿನ ಮೂಸಬ್ಬ, ಅವನೂ ಊರ ಕಡೆಯವನೇ, ಮೂಲ್ಕಿಯವ, ಚಹಾ ತಂದಿಡುತ್ತಾ ಕುಟುಕುತ್ತಿದ್ದ: "ದೇಶ ಹೇಳಿ ಏನು ಮಾಡ್ತೀಯಾ ಮಾರಾಯ? ವೀಸಾ ಕೊಡ್ತೀಯಾ?"

ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರ ನೆತ್ತಿಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಒತ್ತುವುದು ಅವನ ರೂಢಿ. ಊರಲ್ಲಿ ಹಲಸಿನ ಮರದ ಬುಡದಲ್ಲಿ ಕತ್ತರಿ ಹಿಡಿಯಲು ಕಲಿಸಿದ ಅಪ್ಪ ಹೇಳಿಕೊಟ್ಟದ್ದು ಅದು. "ಯಾರದ್ದೇ ನೆತ್ತಿಯಾಗಲಿ, ಅಲ್ಲಿ ಮೊದಲು ಎಣ್ಣೆ ಒತ್ತಿದ್ದು ಅವರ ಅಮ್ಮ. ಅಲ್ಲಿ ಕೈಯಿಡದೆ ಯಾರನ್ನೂ ಎಬ್ಬಿಸಬೇಡ." ಅಪ್ಪ ಹೋದ. ಮಾತು ಮರೆತುಹೋಯಿತು. ಕೈ ಮಾತ್ರ ತನ್ನಷ್ಟಕ್ಕೆ ಒತ್ತುತ್ತಾ ಬಂತು.

ಈ ವರ್ಷ ಅವನ ಅಮ್ಮ ತೀರಿಕೊಂಡಳು. ಹೊಸ ವೀಸಾದ ಕೆಲಸ ಅರ್ಧಕ್ಕೆ ನಿಂತಿತ್ತು, ಅದು ಮುಗಿಯದೆ ದೇಶ ಬಿಡುವಂತಿರಲಿಲ್ಲ. ಒಬ್ಬನೇ ಮಗ. ಕೊಳ್ಳಿಯಿಟ್ಟದ್ದು ಚಿಕ್ಕಪ್ಪನ ಮಗ. ಉತ್ತರಕ್ರಿಯೆಯ ದಿನ, ಅವರ ಮಾತಿನಲ್ಲಿ ಬೊಜ್ಜದ ದಿನ, ಶುಕ್ರವಾರ ಬೆಳಿಗ್ಗೆ ತಂಗಿ ಲೋಲಾಕ್ಷಿ ಫೋನು ಮಾಡಿದಳು. "ಅಣ್ಣಾ, ಇಲ್ಲಿಯದ್ದೆಲ್ಲ ನಾವು ನೋಡಿಕೊಳ್ತೇವೆ. ನೀನು ಅಲ್ಲೇ ಮಂಡೆ ಬೋಳಿಸು. ಅಮ್ಮನಿಗೆ ಅಷ್ಟು ಸಾಕು."

ಅಷ್ಟೇ ಕಷ್ಟವಾಯಿತು. ದೀಪದ ಕೆಳಗೆ ಕತ್ತಲೆ. ಸಾವಿನ ಮಂಡೆಯನ್ನು ತನ್ನ ಕೈಯಿಂದ ತಾನೇ ಬೋಳಿಸಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಆಚೆ ಗಲ್ಲಿಯ ಸೆಲೂನಿಗೆ ಹೋದರೆ ಟಿವಿ ನೋಡುತ್ತಾ ಎರಡು ನಿಮಿಷದಲ್ಲಿ ಮಷೀನು ಓಡಿಸಿ, ಖಲಾಸ್ ಎನ್ನುತ್ತಾರೆ. ಅಮ್ಮನ ಹೆಸರಿನ ಕೂದಲು ಹಾಗೆ ಉದುರುವುದೇ? ಸರ್ವೋತ್ತಮ ಶಟರು ಅರ್ಧ ಎಳೆದು, ತನ್ನದೇ ಕುರ್ಚಿಯಲ್ಲಿ ಮೊದಲ ಬಾರಿಗೆ ಕೂತ.

ಶಟರಿನಡಿ ನುಸುಳಿ ಬಂದವನು ಗುಲ್ ಜಮಾನ್, ಪಾಕಿಸ್ತಾನದ ಸ್ವಾತ್ ಕಡೆಯ ಪಠಾಣ, ಟ್ರೇಲರ್ ಡ್ರೈವರು. ನಮಾಜಿಗೆ ಮೊದಲು ಗಡ್ಡ ಸರಿಮಾಡಿಸಲು ಬಂದಿದ್ದ. ಸುದ್ದಿ ಹೇಳಿದ್ದು, ಹಿಂದೆಯೇ ಬಂದ ಮೂಸಬ್ಬ. ಗುಲ್ ಜಮಾನ್ ಅಂಗಿಯ ತೋಳು ಮಡಚಿದ. "ಬ್ಲೇಡು ಎಲ್ಲಿದೆ, ಭಾಯ್? ಮಕ್ಕಾದಲ್ಲಿ ಉಮ್ರಾ ಮುಗಿಸಿದಾಗ ನಾನು ನನ್ನ ಅಣ್ಣನ ತಲೆ ಬೋಳಿಸಿದ್ದೇನೆ. ಅದೂ ದೇವರ ಹೆಸರಿನ ಕೂದಲೇ."

ನೀರು ಚಿಮುಕಿಸಿ ಶುರುಮಾಡಿದ. ದೊಡ್ಡ ಗಾಡಿ ತಿರುಗಿಸುವ ಕೈಗೆ ಸಣ್ಣ ಬ್ಲೇಡು ಒಗ್ಗಲಿಲ್ಲ. ಎರಡು ಕಡೆ ಗೀರಿ ರಕ್ತ ಬಂತು. ಬೇರೆ ದಿನವಾಗಿದ್ದರೆ ಸರ್ವೋತ್ತಮ ಬೈದು ಅಟ್ಟುತ್ತಿದ್ದ. ಇಂದು ಕತ್ತು ಬಗ್ಗಿಸಿಯೇ ಇದ್ದ.

"ನಾಲ್ಕು ವರ್ಷದ ಹಿಂದೆ" ಎಂದ ಗುಲ್ ಜಮಾನ್, "ನಾನು ರುವೈಸ್ ರೋಡಿನಲ್ಲಿದ್ದಾಗ ಅಮ್ಮ ಹೋದಳು. ಹೋಗಲು ಆಗಲಿಲ್ಲ. ಮೂರನೇ ದಿನ ಬಂದು ನಿನ್ನ ಕುರ್ಚಿಯಲ್ಲಿ ಕೂತೆ. ನೀನು ಏನೂ ಕೇಳಲಿಲ್ಲ. ಕೊನೆಗೆ ತಲೆಯ ಮೇಲೆ ಕೈಯಿಟ್ಟೆ. ಆ ಮೂರು ದಿನದಲ್ಲಿ ನನ್ನನ್ನು ಮುಟ್ಟಿದ್ದು ಅದೊಂದೇ ಕೈ. ನಿನಗೆ ಗೊತ್ತಾಗಿದೆ ಎಂದುಕೊಂಡಿದ್ದೆ."

ಗೊತ್ತಾಗಿರಲಿಲ್ಲ. ಆ ದಿನ ಸರ್ವೋತ್ತಮ ಪಠಾಣನ ನೆತ್ತಿಯ ಸುಳಿ ನೋಡಿ, ಯಾವ ದೇಶದವನೆಂದು ಮೂಸಬ್ಬನ ಹತ್ತಿರ ಪಂದ್ಯ ಕಟ್ಟಿರಬೇಕು. ಹತ್ತೊಂಬತ್ತು ವರ್ಷ, ಅದೆಷ್ಟು ಸಾವಿರ ತಲೆ! ಅಮ್ಮ ಹೋದವರು, ಮಗು ಹುಟ್ಟಿದ್ದನ್ನು ಫೋನಿನಲ್ಲಿ ಕೇಳಿ ಬಂದವರು, ಕೆಲಸ ಕಳೆದುಕೊಂಡು ಬಾಯಿ ಬಿಡದವರು ಎಲ್ಲರೂ ಈ ಕುರ್ಚಿಯಲ್ಲೇ ಕೂತು ಹೋಗಿದ್ದಾರೆ. ಅವನ ಅಂಗೈ ಅವರೆಲ್ಲರ ನೆತ್ತಿಯ ಮೇಲಿತ್ತು, ಅವನು ದೇಶ ಎಣಿಸುತ್ತಿದ್ದ. ಅಪ್ಪನ ಮಾತಿಗೆ ಇಷ್ಟು ಆಳವಿತ್ತೆಂದು ಅವನಿಗೆ ಈಗಷ್ಟೇ ತಿಳಿಯಿತು. ಅವನಿಗೆ ಭಯವೂ ಆಯಿತು, ಕೈಮುಗಿಯಬೇಕು ಎಂದೂ ಅನಿಸಿತು.

ಗುಲ್ ಜಮಾನ್ ಬ್ಲೇಡು ಕೆಳಗಿಟ್ಟ. ಒದ್ದೆ ಬಟ್ಟೆಯಿಂದ ತಲೆ ಒರೆಸಿದ. ಆಮೇಲೆ ಆ ಒರಟು ಅಂಗೈಯನ್ನು ಬೋಳು ನೆತ್ತಿಯ ಮೇಲಿಟ್ಟು ಒಂದು ಗಳಿಗೆ ಒತ್ತಿದ. ಹನ್ನೊಂದು ದಿನ ಅಳದಿದ್ದ ಸರ್ವೋತ್ತಮ ಆಗ ಅತ್ತ. ಮೂಸಬ್ಬ ಶಟರನ್ನು ಪೂರ್ತಿ ಎಳೆದು ಹೊರಗೆ ನಿಂತು, ಬಂದ ಗಿರಾಕಿಗಳಿಗೆಲ್ಲ "ಮಾಫಿ, ಮಾಫಿ, ಇವತ್ತು ಇಲ್ಲ, ನಾಳೆ ಬನ್ನಿ" ಎಂದು ಹೇಳಿ ಕಳಿಸಿದ.

ಮರುದಿನ ಕುರ್ಚಿಯಲ್ಲಿ ಹೊಸಬನೊಬ್ಬ ಕೂತಿದ್ದ. ಮಾತೇ ಆಡದ ಆಸಾಮಿ. ಸರ್ವೋತ್ತಮನ ಮುಖ ಸ್ವಲ್ಪ ಗೆಲುವಾಗಲಿ ಎಂದು ಮೂಸಬ್ಬ ಹಳೇ ಪಂದ್ಯ ಎತ್ತಿದ. "ಇವ ಯಾವ ದೇಶದವ, ಹೇಳು ನೋಡುವ."

ಸರ್ವೋತ್ತಮ ಆ ನೆತ್ತಿಯ ಮೇಲೆ ಕೈಯಿಟ್ಟ. ತೆಗೆಯಲು ಎಂದಿಗಿಂತ ತಡ ಮಾಡಿದ.

"ಗೊತ್ತಾಗುವುದಿಲ್ಲ ಮಾರಾಯ" ಎಂದ. "ಒಬ್ಬಳು ಅಮ್ಮ ಇಲ್ಲಿ ಎಣ್ಣೆ ಒತ್ತಿದ್ದಾಳೆ. ಅಷ್ಟು ಗೊತ್ತಾಗ್ತದೆ."