ನಮ್ಮ ಮಿಲ್ಲಿನ ರಬ್ಬರು

ಸಿಂಧನೂರಿನಲ್ಲಿ ರೈಸ್ ಮಿಲ್ ಇಟ್ಟವರ ಮಗ ಹಳೇ ಬಿಎಂಡಬ್ಲ್ಯು ತಂದು ಬಾಗಿಲಲ್ಲಿ ನಿಲ್ಲಿಸಿದರೆ ಊರು ಏನೇನು ಅನ್ನುತ್ತದೋ ಅದನ್ನೆಲ್ಲ ಅಂದಿತು. ಇಪ್ಪತ್ತು ವರ್ಷ ಹಳೆಯ ಗಾಡಿ, ಹೈದರಾಬಾದಿನಲ್ಲಿ ಮೂರು ಕೈ ದಾಟಿ ನನಗೆ ಸಿಕ್ಕದ್ದು. ಅಪ್ಪ ಅದರ ಸುತ್ತ ಒಮ್ಮೆ ಅಡ್ಡಾಡಿ, ಡಿಕ್ಕಿ ತೆಗೆಸಿ ನೋಡಿ, "ಇದರಾಗ ಎಷ್ಟು ಚೀಲ ಹಿಡೀತಾವ?" ಎಂದು ಕೇಳಿದರು. ನನಗೆ ಎಂಥ ಸಿಟ್ಟು ಬಂತೆಂದರೆ ಆ ದಿನ ಮನೆಯಲ್ಲಿ ಊಟ ಮಾಡಲಿಲ್ಲ.

ನನಗೋ ಆ ಗಾಡಿಯೆಂದರೆ ಹುಚ್ಚು. ಸ್ಪ್ರಿಂಗ್ ಬದಲಿಸಿ ಅದನ್ನು ನೆಲಕ್ಕೆ ಇಳಿಸಿದೆ, ಅಗಲದ ಗಾಲಿ ಹಾಕಿಸಿದೆ, ಗುಡುಗುವ ಸೈಲೆನ್ಸರ್ ಕೂರಿಸಿದೆ. ಮಸ್ಕಿ ದಾರಿಯಲ್ಲಿ ಹಂಪ್ ಬಂದರೆ ಸಾಕು, ಗಾಡಿಯನ್ನು ಅಡ್ಡಡ್ಡ ತಿರುಗಿಸಿ ಒಂದೊಂದೇ ಗಾಲಿ ದಾಟಿಸಬೇಕು. ಹಿಂದಿನ ಲಾರಿಯವರು ನನ್ನ ಇಡೀ ವಂಶಕ್ಕೆ ಬೈಯುತ್ತಿದ್ದರು. ಎರಡು ತಿಂಗಳಲ್ಲೇ ಮುಂದಿನ ಗಾಲಿಗಳ ಕಡೆಯಿಂದ ಗಡಗಡ ಸಪ್ಪಳ ಶುರುವಾಯಿತು. ಗಾಲಿ ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ ರಬ್ಬರಿನ ಬುಶ್ ಇರುತ್ತದೆ. ವಯಸ್ಸಾಗಿ ಅದು ಸೀಳಿಹೋಗಿತ್ತು. ಹೊಸದು ತರಿಸಿ ಹಾಕಿಸಿದೆ. ನಾನು ಗಾಡಿ ಇಳಿಸಿದ್ದಕ್ಕೂ ನಮ್ಮ ರಸ್ತೆಗಳಿಗೂ ಅದು ಮಳೆಗಾಲ ದಾಟಲಿಲ್ಲ. ತಪ್ಪು ಬುಶ್ಶಿನದಲ್ಲ, ನನ್ನದು.

ಆಗ ಲಿಂಗಸುಗೂರಿನ ಮಿಸ್ತ್ರಿ ಕಾಕಾ ಸಿಕ್ಕರು. ಹಟ್ಟಿಯ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ತಲೆ ಬೆಳ್ಳಗೆ ಮಾಡಿಕೊಂಡವರು. ರಿಟೈರ್ ಆದ ಮೇಲೆ ಒಂದು ತಗಡಿನ ಶೆಡ್ ಹಾಕಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ನನ್ನ ಗಾಡಿಯ ಕೆಳಗೆ ಹೊಕ್ಕು, ಹೊರಗೆ ಬಂದು, ಅಂಗಿ ಝಾಡಿಸಿಕೊಂಡು ಹೇಳಿದರು:

"ಲೇ ತಮ್ಮ, ನಿಮ್ಮ ಮಿಲ್ಲಿನ್ಯಾಗ ನೆಲ್ಲಿನ ಹೊಟ್ಟು ಬಿಡಸಾಕ ರಬ್ಬರ್ ರೋಲ್ ಇರ್ತಾವಲ್ಲ, ಬಿಚ್ಚಿ ಒಗದದ್ದು ಒಂದು ತಗೊಂಡ್ ಬಾ."

"ಅದ್ಯಾಕ ಕಾಕಾ?"

"ತಗೊಂಡ್ ಬಾ ಅಂದ್ರ ತಗೊಂಡ್ ಬಾರಲೇ. ಜರ್ಮನಿ ಮಂದಿ ನೆಲ್ಲು ಬೆಳಿಯಂಗಿಲ್ಲ, ಅವ್ರಿಗೇನು ಗೊತ್ತು!"

ಒಂದು ಮಗ್ಗುಲು ಸವೆದ ರೋಲುಗಳು ನಮ್ಮ ಮಿಲ್ಲಿನ ಹಿತ್ತಲಲ್ಲಿ ಬಿದ್ದೇ ಇರುತ್ತವೆ. ಅಪ್ಪನಿಗೆ ಹೇಳದೆ ಒಂದನ್ನು ಒಯ್ದೆ. ಕಾಕಾ ಅದರ ಗಟ್ಟಿ ಭಾಗ ಕಡಿದು, ಲೇತ್ ಮೇಲೆ ಹೆರೆದು, ಕಬ್ಬಿಣದ ಕೊಳವೆಯೊಳಗೆ ಒತ್ತಿ ಬುಶ್ ಮಾಡಿದರು. ಮೊದಲನೆಯ ಜೋಡಿ ಎಷ್ಟು ಬಿರುಸಾಗಿತ್ತೆಂದರೆ ಹಲ್ಲು ಅಲುಗಾಡಿದವು. ಎರಡನೆಯದು ತಿರುವಿನಲ್ಲಿ ಕಿರುಗುಟ್ಟಿತು. ಎಷ್ಟೋ ಭಾನುವಾರ ನಾನು ಅಲ್ಲೇ ಇದ್ದೆ, ಅವರ ಮನೆಯಿಂದ ಬಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ, ಕೇಳಿದ ನಂಬರಿನ ಪಾನಾ ಬಿಟ್ಟು ಬೇರೆ ಸ್ಪ್ಯಾನರ್ ಕೊಟ್ಟು ಬೈಸಿಕೊಂಡೆ. ಅಷ್ಟು ಸುಖದ ಭಾನುವಾರಗಳು ನನಗೆ ಮತ್ತೆ ಸಿಕ್ಕಿಲ್ಲ.

ಮೂರನೆಯ ಜೋಡಿ ಹಾಕಿದ ದಿನ ಮಸ್ಕಿಯ ತನಕ ಹೋಗಿ ಬಂದೆವು. ಗಾಡಿ ಹತ್ತಿದ ಕೂಡಲೇ ಕಾಕಾ ಚಪ್ಪಲಿ ಬಿಟ್ಟು ಬರಿಗಾಲನ್ನು ಕೆಳಗೆ ಊರುತ್ತಿದ್ದರು. ಟ್ರ್ಯಾಕ್ಟರ್ ಆಗಲಿ, ಕಾರಾಗಲಿ, ಅವರ ಪರೀಕ್ಷೆ ಹಾಗೆಯೇ. "ಸಪ್ಪಳ ಕಿವಿಗಿಂತ ಮೊದಲ ಅಂಗಾಲಿಗೆ ತಿಳಿತೈತಿ," ಅನ್ನುತ್ತಿದ್ದರು. ಆ ದಿನ ಅಂಗಾಲಿಗೆ ಏನೂ ತಿಳಿಯಲಿಲ್ಲ. "ಶಾಬಾಸ್!" ಎಂದು ತಮ್ಮ ತೊಡೆಯನ್ನೇ ತಟ್ಟಿಕೊಂಡರು.

ವಾಪಸು ಬರುವಾಗ ಸಣ್ಣ ದನಿಯಲ್ಲಿ ಒಂದು ಮಾತು ಕೇಳಿದರು. ಈಗ ಟ್ರ್ಯಾಕ್ಟರುಗಳೆಲ್ಲ ಶೋರೂಮಿಗೇ ಹೋಗುತ್ತಿದ್ದವು, ಶೆಡ್ ಖಾಲಿ ಬಿದ್ದಿತ್ತು.

"ಮಸ್ಕಿಗೆ ನಿಮ್ಮ ಕಾರಿನ ಮಂದಿ ಕೂಡ್ತಾರಂತಲ್ಲ, ಅಲ್ಲೆ ನನ್ನದೊಂದು ಮಾತು ಹೇಳು. ನಾಕು ಗಾಡಿ ಬಂದ್ರ ಶೆಡ್ ಉಳಿತೈತಿ. ಇಲ್ಲಂದ್ರ ಲೇತ್ ಮಾರಬೇಕಾಗ್ತೈತಿ."

"ಹೇಳೂದೇನು ಕಾಕಾ, ನಿಮ್ಮನ್ನ ಕರಕೊಂಡ ಹೋಗ್ತೀನಿ, ಫಿಕರ್ ಬಿಡ್ರಿ," ಎಂದೆ. ದೊಡ್ಡ ಮನುಷ್ಯ ನಾನು!

ಕಾರಿನವರು ಕೂಡಿದ ದಿನ ರಾಯಚೂರು, ಬಳ್ಳಾರಿ, ಹುಬ್ಬಳ್ಳಿಯಿಂದ ಹನ್ನೊಂದು ಗಾಡಿ ಬಂದಿದ್ದವು. ಮಸ್ಕಿಯ ಶಾಸನದ ಗುಡ್ಡದ ಹತ್ತಿರ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನ ಗಾಡಿಯ ಪಕ್ಕ ನಿಂತಿದ್ದರು. ಬಳ್ಳಾರಿಯವನೊಬ್ಬ ನೆಲಕ್ಕೆ ಮಲಗಿ ಮೊಬೈಲಿನ ಬೆಳಕು ಬಿಟ್ಟು ನೋಡಿದ.

"ಏನ್ ಕೆಲಸ ಗುರು ಇದು! ಬುಶ್ ಎಲ್ಲಿಂದ ತರಿಸಿದಿರಿ?"

ಕಾಕಾ ಕಾಲರ್ ಸರಿ ಮಾಡಿಕೊಂಡರು. ನಾನು ಬಾಯಿ ಸಹ ತೆಗೆಯಬೇಕಿರಲಿಲ್ಲ, ಪಕ್ಕಕ್ಕೆ ಕೈ ತೋರಿಸಿದ್ದರೆ ಸಾಕಿತ್ತು. ಅಲ್ಲಿದ್ದವರ ಗಾಡಿಗಳಲ್ಲಿ ಒಂದೊಂದು ಬೋಲ್ಟೂ ಪರದೇಶದ್ದು. ರೈಸ್ ಮಿಲ್ಲಿನ ಕಸದ ರಬ್ಬರು ಅಂದರೆ ಇವರು ನಕ್ಕಾರು ಎಂದು ಅಂಜಿದೆ.

"ಜರ್ಮನಿದು. ಹೈದರಾಬಾದಿನಲ್ಲಿ ಫಿಟ್ ಮಾಡಿಸಿದೆ," ಎಂದೆ.

ಥೂ! ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಬಳ್ಳಾರಿಯವನು ಎದ್ದು ಮಣ್ಣು ಕೊಡವಿಕೊಳ್ಳುತ್ತ ಕಾಕಾನನ್ನು, "ತಾವು ಯಾರು ಸರ್?" ಎಂದು ಕೇಳಿದ. ಕಾಕಾ ನನ್ನ ಕಡೆ ನೋಡಲಿಲ್ಲ.

"ನಾ ಇವ್ರ ಮಿಲ್ಲಿನ್ಯಾಗ ಕೆಲಸಕ್ಕ ಇರ್ತೀನ್ರಿ. ಗುಡ್ಡ ನೋಡಾಕ ಬಂದಿದ್ದೆ," ಎಂದರು.

ಲಿಂಗಸುಗೂರು ಮುಟ್ಟುವ ತನಕ ಅವರು ಚಪ್ಪಲಿ ಬಿಡಲಿಲ್ಲ. ಮಳೆಯ ಮಾತಾಡಿದರು, ತೊಗರಿಯ ಮಾತಾಡಿದರು. ಬೈದಿದ್ದರೆ ನಾನೂ ತಿರುಗಿ ಬೈದು, ಜಗಳವಾಡಿ ಹಗುರಾಗುತ್ತಿದ್ದೆ. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಕೆಲಸ, ಸೀಸನ್ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಲೇತ್ ಮಾರಿದರೆಂದೂ ಶೆಡ್ ಬಿಚ್ಚಿದರೆಂದೂ ನಮ್ಮಲ್ಲಿಗೆ ಭತ್ತ ತಂದ ಪಾಮನಕಲ್ಲೂರಿನ ಟ್ರ್ಯಾಕ್ಟರಿನವನೊಬ್ಬ ಹೇಳಿದ.

ಹೋದ ತಿಂಗಳು ಅಪ್ಪ ಮಿಲ್ಲಿಗೆ ಕರೆದರು. ಹೊಟ್ಟು ಬಿಡಿಸುವ ಮಷೀನಿನ ಬಳಿ ಹೊಸ ಮಿಸ್ತ್ರಿ ನಿಂತಿದ್ದರು. ಚಪ್ಪಲಿ ಗೋಡೆಯ ಬುಡದಲ್ಲಿತ್ತು, ಬರಿಗಾಲು ನೆಲದ ಮೇಲಿತ್ತು. ಕೈಯಲ್ಲಿ ಆಗಷ್ಟೇ ಬಿಚ್ಚಿದ ರಬ್ಬರ್ ರೋಲು.

"ಲಿಂಗಸುಗೂರಿಂದ ಬಂದಾನ, ಕೈ ಭಾಳ ಚಲೋ ಐತಿ," ಎಂದು ಅಪ್ಪ ನನಗೆ ಹೇಳಿ, ಅವರನ್ನು ನಾವು ನಿಂತಲ್ಲಿಗೆ ಕರೆದರು. "ನನ್ನ ಮಗನ ಗಾಡಿನೂ ಒಂದೀಟು ನೋಡಪಾ."

"ಅದು ಜರ್ಮನಿ ಸಾಮಾನ್ರೀ ಸಾಹುಕಾರ್ರ, ಹೈದರಾಬಾದಿನ್ಯಾಗ ಮಾಡಿಸ್ಯಾರ. ನನಗ ತಿಳಿಯಂಗಿಲ್ಲ," ಎಂದು ಕಾಕಾ ಮಷೀನಿನ ಕಡೆ ಹೋದರು.

ಅಪ್ಪನಿಗೆ ಖುಷಿಯೋ ಖುಷಿ. "ನೋಡಿದ್ಯಾ? ತಿಳೀದಿದ್ರ ತಿಳಿಯಂಗಿಲ್ಲ ಅಂತಾನ. ಸುಳ್ಳು ಹೇಳೂ ಮನಷ್ಯಾ ಅಲ್ಲ."

ನನಗೆ ತಡೆಯಲಾಗಲಿಲ್ಲ. "ಈಗ ಹೇಳಿದ್ದು ಸುಳ್ಳಪ್ಪ. ಆ ಕೆಲಸ ಪೂರಾ ಅವ್ರೇ ಮಾಡ್ಯಾರ, ನಮ್ಮ ಮಿಲ್ಲಿನ ರಬ್ಬರ್ ಕಡದು."

"ಮತ್ತ ಯಾಕ ಹಂಗಂದ?"

"ಅದು ನಾ ಹೇಳಿದ ಸುಳ್ಳು. ಮಸ್ಕಿಯೊಳಗ, ಮಂದಿ ಮುಂದ, ಅವ್ರು ಬಾಜೂಕ ನಿಂತಾಗ ಹೇಳಿದ್ದು. ಇನ್ನೂ ಅದನ್ನ ಉಳಿಸ್ಯಾರ."

ಅಪ್ಪ ನನ್ನ ಮುಖ ನೋಡದೆ, "ಇದನ್ನ ನನ್ನ ಮುಂದ ಯಾಕ ಹೇಳ್ತಿ?" ಎಂದರು.

ಕಾಕಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೊಸ ರೋಲು ಕೂರಿಸುತ್ತಿದ್ದರು. ನಾನು ಗಾಡಿಯ ಕೀಲಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೆ.